ಬೆಂದ ಹೊತ್ತು, ಬಂದ ಹೊತ್ತು

ಚಿತ್ರದುರ್ಗ ಜಿಲ್ಲೆಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಸಮೀಪದ ಆಸ್ಪತ್ರೆಯೊಂದರಲ್ಲಿ ನಾನು ಶುಶ್ರೂಷಕಿಯಾಗಿದ್ದಾಗ, ಒಂದು ರಾತ್ರಿ ಬಸ್ಸೊಂದು ಲಾರಿಗೆ ಗುದ್ದಿ ಹೊತ್ತಿಕೊಂಡಿತು. ಆ ದಿನದ ರಾತ್ರಿ ಪಾಳಿ ನನ್ನದೇ ಆಗಿತ್ತು. ಮೊದಲು ಬಂದವರು ಸಿಕ್ಕ ಕಾರು, ಟೆಂಪೊ ಹತ್ತಿಕೊಂಡು ಬಂದವರು. ಅಂದರೆ ನಡೆಯುವ ಶಕ್ತಿ ಉಳಿದಿದ್ದವರು. ಅವರನ್ನೆಲ್ಲ ಹಾಸಿಗೆಗಳ ಮೇಲೆ ಮಲಗಿಸಿಬಿಟ್ಟರೆ ಹಿಂದಿನಿಂದ ಆಂಬುಲೆನ್ಸಿನಲ್ಲಿ ಬರುವವರಿಗೆ ಜಾಗವಿರುವುದಿಲ್ಲವೆಂದು, ಬೈಸಿಕೊಂಡರೂ ಸರಿ ಎಂದು ಹೊರಗಿನ ಬೆಂಚುಗಳಲ್ಲಿ ಕೂರಿಸಿದೆವು.

ಮೂರೂವರೆಗೆ ಸ್ಟ್ರೆಚರಿನಲ್ಲಿ ಬಂದ, ಐವತ್ತರ ಆಸುಪಾಸಿನ ಹೆಂಗಸು ಕೂಗಾಡುತ್ತಿರಲಿಲ್ಲ. ಬಲಗಾಲು ಪೂರ್ತಿ, ಬಲಗೈ ಪೂರ್ತಿ ಬೆಂದಿದ್ದವು. ಸೊಂಟದ ಬಳಿ ಇನ್ನೂ ಮೂರು ಅಂಗೈಯಷ್ಟು. ಇಡೀ ಮೈಯ ಚರ್ಮದಲ್ಲಿ ಎಷ್ಟು ಪಾಲು ಬೆಂದಿದೆ ಎಂಬ ಲೆಕ್ಕದಲ್ಲಿ ಕಾಲಿಗೆ ಶೇಕಡಾ 18, ಕೈಗೆ 9. ರೋಗಿಯ ಸ್ವಂತ ಅಂಗೈ ಬೆರಳುಗಳ ಸಮೇತ ಸುಮಾರು 1. ಒಟ್ಟು 30. ಯಾರೋ ಪುಣ್ಯಾತ್ಮರು ಮೊಣಕೈಗೆ ಟೂತ್‌ಪೇಸ್ಟ್ ಬಳಿದಿದ್ದರು. ಅದನ್ನು ತೊಳೆದು, ಚರ್ಮಕ್ಕೆ ಅಂಟಿದ್ದ ಸೀರೆಯನ್ನು ಎಳೆಯದೆ ಸುತ್ತಲೂ ಕತ್ತರಿಸಿ, ಶುಭ್ರವಾದ ಒಣಬಟ್ಟೆ ಹೊದಿಸಿದೆ. ಒದ್ದೆ ಬಟ್ಟೆಯಲ್ಲೇ ಬಿಟ್ಟರೆ ಇಷ್ಟು ಬೆಂದ ಮೈ ಬೇಗ ತಣ್ಣಗಾಗಿ ಹೋಗುತ್ತದೆ.

ಆಗಲೇ ಪಾದ ಊದತೊಡಗಿತ್ತು. ಊತ ಹೆಚ್ಚಿದರೆ ಕಾಲುಂಗುರ ರಕ್ತಸಂಚಾರವನ್ನೇ ತಡೆದು ಬೆರಳನ್ನು ಕೊಲ್ಲಬಹುದು. ಅಲ್ಲಿಯವರೆಗೆ ಮಾತಾಡದಿದ್ದ ಆಕೆ, "ಅದನ್ನ ತೆಗೀಬ್ಯಾಡ್ರಿ ಸಿಸ್ಟರ್, ಯಜಮಾನ್ರು ಎಲ್ಲೈದಾರೋ ಗೊತ್ತಿಲ್ಲ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಆಯಾ ಅವರ ತಲೆಯ ಬಳಿ ಕೂತು, "ಎಡಗಾಲಿಂದು ಹಂಗೇ ಇರ್ತತಿ ಕಣವ್ವ, ಇದೊಂದು ನನ್ನ ಕೈಯಾಗಿರ್ಲಿ" ಎಂದ ಮೇಲೆ ಕಣ್ಣು ಮುಚ್ಚಿಕೊಂಡರು. ಕತ್ತರಿಸಿ ತೆಗೆದು, ಗಾಜ್ ಬಟ್ಟೆಯಲ್ಲಿ ಸುತ್ತಿಟ್ಟೆವು.

ನಾನು ತಪ್ಪಿದ್ದು ಇದಾದ ಮೇಲೆ. ಸುಟ್ಟ ಗಾಯದ ಮೊದಲ ರಾತ್ರಿ ಶುಶ್ರೂಷೆಯೆಂದರೆ ಬಹುಪಾಲು ನೀರಿನ ಲೆಕ್ಕ. ನಾವು ಬಳಸುತ್ತಿದ್ದ ಪಾರ್ಕ್‌ಲ್ಯಾಂಡ್ ಸೂತ್ರದಂತೆ 4 ಮಿ.ಲೀ., ತೂಕ 50 ಕೆ.ಜಿ., ಸುಟ್ಟದ್ದು 30. ಗುಣಿಸಿದರೆ ದಿನಕ್ಕೆ 6 ಲೀಟರ್ ರಿಂಗರ್ ಲ್ಯಾಕ್ಟೇಟ್, ಅಂದರೆ ರಕ್ತನಾಳಕ್ಕೆ ಡ್ರಿಪ್ ಹಾಕುವ ಲವಣದ್ರಾವಣ, ಅದರಲ್ಲಿ ಅರ್ಧ ಮೊದಲ 8 ಗಂಟೆಗಳಲ್ಲಿ. ನಾನು 3 ಲೀಟರನ್ನು ಎಂಟರಿಂದ ಭಾಗಿಸಿ, ಗಂಟೆಗೆ 375ರಂತೆ ಬಿಟ್ಟೆ. ಐದು ಗಂಟೆಗೆ ಮೂತ್ರದ ಚೀಲ ನೋಡಿದರೆ ಹಿಂದಿನ ಒಂದು ಗಂಟೆಯಲ್ಲಿ ಇಳಿದದ್ದು ಬರೀ 15 ಮಿ.ಲೀ., ಅದೂ ಕಡುಹಳದಿ. ಆ ತೂಕಕ್ಕೆ ಕನಿಷ್ಠ 25 ಬೇಕಿತ್ತು. ಡಾಕ್ಟರು ಚೀಟಿ ನೋಡಿ ಕೇಳಿದ್ದು ಒಂದೇ ಮಾತು: "ಬೆಂದದ್ದು ಎಷ್ಟೊತ್ತಿಗೆ?"

ಆ ಎಂಟು ಗಂಟೆ ಶುರುವಾಗುವುದು ಸುಟ್ಟ ಕ್ಷಣದಿಂದ, ಆಸ್ಪತ್ರೆಯ ಬಾಗಿಲಿನಿಂದಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ ವಿಷಯವೇ ಅದು. ಬೆಂಚಿನಲ್ಲಿದ್ದ ಹುಡುಗನೊಬ್ಬ 108ಕ್ಕೆ ಮಾಡಿದ್ದ ಕರೆ ಮೊಬೈಲಿನಲ್ಲಿತ್ತು: ಒಂದೂವರೆ. ಹಾಗಾದರೆ ಒಂಬತ್ತೂವರೆಯೊಳಗೆ ಮುಗಿಯಬೇಕಿದ್ದ 3 ಲೀಟರಿನಲ್ಲಿ ಆರುನೂರು ಮಿ.ಲೀ. ಸಹ ಹೋಗಿರಲಿಲ್ಲ. ವೇಗವನ್ನು ಗಂಟೆಗೆ 540ಕ್ಕೆ ಏರಿಸಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಗಂಟೆಗೊಮ್ಮೆ ಚೀಲ ಅಳೆದೆ. ಏಳಕ್ಕೆ 30, ಎಂಟಕ್ಕೆ 40. ಬಣ್ಣವೂ ತಿಳಿಯಾಗುತ್ತ ಬಂತು.

ಹತ್ತರ ಹೊತ್ತಿಗೆ ಅವರನ್ನು ಬೆಂಗಳೂರಿಗೆ ಕಳಿಸಿದೆವು. ಚೀಟಿಯ ನೆತ್ತಿಯಲ್ಲಿ "ಬೆಂದದ್ದು 1:30" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಆಯಾ ಕಾಲುಂಗುರದ ಪೊಟ್ಟಣವನ್ನು ಅಷ್ಟರಲ್ಲಿ ಬಂದಿದ್ದ ಮಗನ ಕೈಗಿಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡಳು.