ಕಕ್ಕಡದಲ್ಲಿ ಕೋಳಿ ಮೊಟ್ಟೆ ನಿಲ್ಲಿಸಿದರೆ

ಹೋದ ವರ್ಷ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ನಮ್ಮ ಕೊಡಗಿನ ಜಡಿಮಳೆಯ ತಿಂಗಳು) ನಮ್ಮ ಮನೆಗೆ ಅಂಗಡಿಯಿಂದ ಮೊಟ್ಟೆ ತಂದೆವು. ಹಿತ್ತಲಲ್ಲಿ 11 ಹೇಂಟೆ ಇಟ್ಟುಕೊಂಡು! 7 ನಾಟಿ, 4 ಗಿರಿರಾಜ ಅನ್ನುವ ಸುಧಾರಿತ ತಳಿ. ಮೇ ತಿಂಗಳಲ್ಲಿ ದಿನಕ್ಕೆ ಐದಾರು ಸಿಗುತ್ತಿತ್ತು, ಜುಲೈ ಕೊನೆಗೆ ಬುಟ್ಟಿ ಖಾಲಿ. ನಮ್ಮತ್ತೆಗೆ ಇದು ಮರ್ಯಾದೆ ಪ್ರಶ್ನೆ. "ಅಕ್ಕಿ ತಿಂದು ಮಲಗೋದಕ್ಕೆ ಇವನ್ನ ಯಾಕೆ ಸಾಕ್ಬೇಕು? ಎರಡನ್ನ ಕುಯ್ದು ಸಾರು ಮಾಡು" ಅಂದರು. ಹೊರಗೆ ಬಿಡದ ಮಳೆ, ಒಳಗೆ ಕಡುಬಿಗೆ ಅಕ್ಕಿ ತರಿ ರೆಡಿ. ನನಗೂ ಆಸೆ ಆಗಲಿಲ್ಲ ಅಂತಲ್ಲ. ಆದರೂ ಒಂದು ವಾರ ತಡೀರಿ ಅಂದೆ.

ನಮ್ಮ ಮನೆ ಕೊಡಗಿನ ಮೂರ್ನಾಡಿನ ಕಡೆ, ಕಾಫಿ ತೋಟದ ನಡುವೆ. ಹೀಗೆ ತೋಟದಲ್ಲಿ ಮೇಯುವ ಕೋಳಿ ಇದ್ದರೆ ಮೊದಲು ನೋಡಬೇಕಾದ್ದು ಅದು ನಿಜಕ್ಕೂ ನಿಲ್ಲಿಸಿದೆಯಾ, ಇಲ್ಲ ಕದ್ದು ಇಡುತ್ತಿದೆಯಾ ಅಂತ. ನಮ್ಮ ಕಪ್ಪು ಹೇಂಟೆ ಒಮ್ಮೆ ಸೌದೆ ಕೊಟ್ಟಿಗೆಯಲ್ಲಿ, ಹಳೆ ಕಾಫಿ ಚೀಲಗಳ ಹಿಂದೆ 14 ಮೊಟ್ಟೆ ಕೂಡಿಟ್ಟಿತ್ತು. ಎರಡು ಮೂರು ದಿನ ಬೆಳಿಗ್ಗೆ 11 ಗಂಟೆವರೆಗೆ ಗೂಡಿನ ಬಾಗಿಲು ತೆಗೆಯಬೇಡಿ. ಹೆಚ್ಚಿನ ಕೋಳಿಗಳು ಅಷ್ಟರಲ್ಲಿ ಇಟ್ಟು ಮುಗಿಸುತ್ತವೆ. ಆಗ ಬುಟ್ಟಿಯಲ್ಲಿ ಮೊಟ್ಟೆ ಕಂಡರೆ ಕೋಳಿಯದ್ದು ತಪ್ಪಿಲ್ಲ, ಹುಡುಕದ ನಮ್ಮದು ತಪ್ಪು. ಒಡೆದ ಚಿಪ್ಪು, ಹಳದಿ ಮೆತ್ತಿದ ಹುಲ್ಲು ಕಂಡರೆ ಕೀರಿ ಅಥವಾ ಉಡ ಬಂದು ಹೋಗಿರಬಹುದು. ಕೆಲವು ಸಲ ಕೋಳಿಗಳೇ ಕುಕ್ಕಿ ತಿನ್ನುತ್ತವೆ.

ಬುಟ್ಟಿಯೂ ಖಾಲಿ, ಕಳ್ಳಗೂಡೂ ಇಲ್ಲ ಅಂದರೆ ಕೋಳಿಯನ್ನು ಕೈಗೆ ತೆಗೆದುಕೊಳ್ಳಿ. ರಾತ್ರಿ ಅಟ್ಟಣೆ ಏರಿದ ಮೇಲೆ ಹಿಡಿದರೆ ಗಲಾಟೆ ಇಲ್ಲ. ತಲೆ ನಿಮ್ಮ ಕಂಕುಳ ಕಡೆ ಬರುವ ಹಾಗೆ ಹಿಡಿದು, ಬಾಲದ ಕೆಳಗೆ ಬೆರಳಿಟ್ಟು ನೋಡಿ. ಮೊಟ್ಟೆ ಬರುವ ದಾರಿಯ ಎರಡೂ ಪಕ್ಕಕ್ಕೆ ತೆಳ್ಳಗಿನ ಎರಡು ಎಲುಬಿನ ತುದಿ ಸಿಗುತ್ತದೆ. ಮೊಟ್ಟೆ ಇಡುವ ಕೋಳಿಯಲ್ಲಿ ಆ ಎರಡರ ನಡುವೆ ಎರಡು ಮೂರು ಬೆರಳು ಆರಾಮಾಗಿ ಕೂರುತ್ತದೆ. ದಾರಿಯೂ ಅಗಲ, ಒದ್ದೆ. ನಿಲ್ಲಿಸಿದ ಕೋಳಿಯಲ್ಲಿ ಒಂದೇ ಬೆರಳು ಹಿಡಿಯುತ್ತದೆ, ದಾರಿ ಒಣಗಿ ಸುಕ್ಕುಗಟ್ಟಿರುತ್ತದೆ. ಜುಟ್ಟು ಕೂಡ ಹೇಳುತ್ತದೆ: ಇಡುವಾಗ ಕೆಂಪಾಗಿ ತುಂಬಿಕೊಂಡಿರುತ್ತದೆ, ನಿಲ್ಲಿಸಿದಾಗ ಪೇಲವ, ಕುಗ್ಗಿದ ಹಾಗೆ. ಅವತ್ತು ಟಾರ್ಚ್ ಹಿಡಿದು 11 ಕೋಳಿಯನ್ನೂ ನೋಡಿದೆ. 9 ನಿಲ್ಲಿಸಿದ್ದವು, 2 ಇಡುತ್ತಿದ್ದವು. ಆ ಎರಡರ ಮೊಟ್ಟೆ ಯಾರ ಹೊಟ್ಟೆ ಸೇರುತ್ತಿತ್ತೋ, ಇವತ್ತಿಗೂ ಗೊತ್ತಿಲ್ಲ.

9 ಕೋಳಿ ಒಟ್ಟಿಗೆ ಯಾಕೆ ನಿಲ್ಲಿಸಿದವು? ಬೆಳಕು. ಕೋಳಿಗೆ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಬೆಳಕು ಕಣ್ಣಿನಿಂದ ಮಾತ್ರ ಅಲ್ಲ, ತಲೆಬುರುಡೆಯ ಮೂಲಕವೂ ಮಿದುಳಿಗೆ ತಟ್ಟುತ್ತದೆ. ಅಲ್ಲಿಂದ ಹೊರಡುವ ಹಾರ್ಮೋನು ಮೊಟ್ಟೆ ಬೆಳೆಸುತ್ತದೆ. ನಮ್ಮ ಕೊಡಗಿನಲ್ಲಿ ಜೂನ್‌ನ ದೊಡ್ಡ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನ ಸಣ್ಣ ಹಗಲು ಸುಮಾರು 11 ಗಂಟೆ 25 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ ಕೂಡ ಇಲ್ಲ. ಆದರೆ ಕಕ್ಕಡದಲ್ಲಿ ಗಡಿಯಾರ ಹೇಳುವ ಹಗಲು ಬೇರೆ, ಕೋಳಿ ಕಾಣುವ ಹಗಲು ಬೇರೆ. ಬೆಳಿಗ್ಗೆ 9 ಆದರೂ ಮೋಡ. ನಾವು ಗೂಡು ತೆಗೆಯುವುದೂ ತಡ. ಸಂಜೆ 5ಕ್ಕೇ ಅವು ಒಳಗೆ.

ಇದರ ಜೊತೆಗೇ ಗರಿ ಉದುರುವ ಕಾಲವೂ ಬರುತ್ತದೆ. ಒಂದು ವರ್ಷ ದಾಟಿದ ಕೋಳಿ ಹಗಲು ಸಣ್ಣದಾಗುತ್ತಾ ಬಂದಾಗ ಹಳೆ ಗರಿ ಬಿಟ್ಟು ಹೊಸದು ಹಾಕುತ್ತದೆ. ಮೊದಲು ತಲೆ, ಕತ್ತು, ಆಮೇಲೆ ಎದೆ, ಮೈ, ಕೊನೆಗೆ ರೆಕ್ಕೆ, ಬಾಲ. ಎರಡರಿಂದ ಮೂರು ತಿಂಗಳು ಹಿಡಿಯುತ್ತದೆ. ಗರಿಯಲ್ಲಿ ನೂರಕ್ಕೆ 85 ಪಾಲು ಪ್ರೋಟೀನ್. ಗರಿಗೂ ಕೊಟ್ಟು ಮೊಟ್ಟೆಗೂ ಕೊಡುವಷ್ಟು ಪ್ರೋಟೀನ್ ಅದರ ಮೈಯಲ್ಲಿಲ್ಲ. ಅದಕ್ಕೇ ಮೊಟ್ಟೆ ನಿಲ್ಲಿಸುತ್ತದೆ. ಇದು ಕಾಯಿಲೆ ಅಲ್ಲ. ಈ ಸಮಯದಲ್ಲಿ ಬರೀ ಅನ್ನ, ಜೋಳ ಹಾಕಿದರೆ ಕೊಬ್ಬು ಬೆಳೆಯುತ್ತದೆ, ಗರಿ ಬೆಳೆಯುವುದಿಲ್ಲ. ಕಡಲೆಕಾಯಿ ಹಿಂಡಿ, ಒಣಮೀನಿನ ಚೂರು, ಸಾಧ್ಯವಾದರೆ ಲೇಯರ್ ಫೀಡ್ (ಮೊಟ್ಟೆ ಕೋಳಿಗೆ ಅಂತಲೇ ಮಾಡಿದ ಮೇವು) ಕೊಡಿ. ಹೊಸ ಗರಿ ಮೂಡುವಾಗ ಮುಟ್ಟಿದರೂ ನೋವು, ಸುಮ್ನೆ ಹಿಡಿಯಲು ಹೋಗಬೇಡಿ.

ಹಾಗಾದರೆ ಬಲ್ಬ್ ಹಾಕಿದರೆ ಆಯಿತಲ್ವಾ ಅಂತ ಕೇಳುತ್ತೀರಿ. ನಾನೂ ಹಾಕಿದ್ದೆ. ಮೂರು ವಾರ ಸರಿ ನಡೆಯಿತು. ಆಮೇಲೆ ಒಂದು ರಾತ್ರಿ ಸಿಲ್ವರ್ ಓಕ್ ಲೈನ್ ಮೇಲೆ ಬಿತ್ತು, 4 ದಿನ ಕರೆಂಟ್ ಇಲ್ಲ. ಇದ್ದ ಬೆಳಕು ಇದ್ದಕ್ಕಿದ್ದಂತೆ ಹೋದರೆ ಕೋಳಿಗೆ ಅದು ಗರಿ ಉದುರಿಸು ಅಂದ ಹಾಗೆ. ಇಡುತ್ತಿದ್ದ ಎರಡೂ ನಿಲ್ಲಿಸಿದವು. ಹಾಗಾಗಿ ನಮ್ಮ ಕಡೆ ಮಳೆಗಾಲದಲ್ಲಿ ಬಲ್ಬ್ ನಂಬಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅದರ ಬದಲು ಗೂಡಿನ ಮಾಡಿನಲ್ಲಿ ಒಂದು ಶೀಟ್ ತೆಗೆದು ಬೆಳಕು ಬೀಳುವ ಶೀಟ್ ಹಾಕಿಸಿ. ಹಾಕಲೇಬೇಕು ಅಂದರೆ ಬೆಳಿಗ್ಗೆ ಹೊತ್ತು, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತಾ ಹೋಗಿ. ಸಂಜೆ ಹಾಕಿ ಟಪ್ ಅಂತ ಆರಿಸಿದರೆ ಅಟ್ಟಣೆ ಏರದ ಕೋಳಿ ಕತ್ತಲಲ್ಲಿ ನೆಲದ ಮೇಲೇ ಉಳಿಯುತ್ತದೆ.

ಹೆದರಿಕೆಯ ಕತೆ ಬೇರೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಕೋವಿ ಹಾರಿಸುತ್ತಾರೆ, ಪಟಾಕಿ ಬೇರೆ. ಮರುದಿನ ಬೆಳಿಗ್ಗೆ ಬುಟ್ಟಿಯಲ್ಲಿ ಒಂದು ವಿಚಿತ್ರ ಮೊಟ್ಟೆ. ಸೊಂಟಕ್ಕೆ ಉಡುದಾರ ಕಟ್ಟಿದ ಹಾಗೆ ಸುತ್ತಲೂ ಒಂದು ಉಬ್ಬು. ಉಗುರಿನಲ್ಲಿ ಗೀರಿದರೆ ಒರಟು. ಕಾರಣ ಗೊತ್ತಾದ ಮೇಲೆ ಅಯ್ಯೋ ಅನ್ನಿಸಿತು. ಒಂದು ಮೊಟ್ಟೆ ಆಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ರಾತ್ರಿ ಚಿಪ್ಪು ಇನ್ನೂ ತೆಳ್ಳಗಿರುವಾಗ ಕೋಳಿ ಬೆಚ್ಚಿ ಹಾರಿದರೆ ಅದು ಒಳಗೇ ಬಿರುಕು ಬಿಡುತ್ತದೆ. ಬಿರುಕಿನ ಮೇಲೆ ಮತ್ತೆ ಸುಣ್ಣ ಕೂತು ಆ ಪಟ್ಟಿ ಆಗುತ್ತದೆ. ಆ ಕೋಳಿ ಆಮೇಲೆ 8 ದಿನ ಮೊಟ್ಟೆ ಇಡಲಿಲ್ಲ. ಈಗ ಹಬ್ಬದ ಸಂಜೆ ಗೂಡಿಗೆ ಗೋಣಿ ಇಳಿಬಿಟ್ಟು, ಬೇಗ ಒಳಗೆ ಹಾಕುತ್ತೇವೆ.

ನಾಯಿ ಅಟ್ಟಿಸಿದರೂ, ಗೂಡು ಬದಲಾಯಿಸಿದರೂ, ಸಂತೆಯಿಂದ ಹೊಸ ಕೋಳಿ ತಂದು ಬಿಟ್ಟರೂ ಹೀಗೇ. ಹೊಸದನ್ನು ಒಂದೆರಡು ವಾರ ಜಾಲರಿಯ ಆಚೆ ಇಟ್ಟು, ಕಣ್ಣಲ್ಲಿ ಪರಿಚಯ ಆದ ಮೇಲೆ ರಾತ್ರಿ ಅಟ್ಟಣೆಗೆ ಸೇರಿಸಿ. ಕಾಯಿಲೆ ಇದ್ದರೂ ಅಷ್ಟರಲ್ಲಿ ಗೊತ್ತಾಗುತ್ತದೆ.

ನಾಟಿ ಕೋಳಿ 12–15 ಇಟ್ಟು ಕಾವಿಗೆ ಕೂರುತ್ತದೆ, ಅದು ಅದರ ಗುಣ. ಮರಿ ಬೇಡ ಅಂದರೆ ಮೂರು ನಾಲ್ಕು ದಿನ ಅಡಿಯಲ್ಲಿ ಜಾಲರಿ ಇರುವ ಪಂಜರದಲ್ಲಿ, ಹುಲ್ಲಿಲ್ಲದೆ, ನೀರು ಮೇವು ಕೊಟ್ಟು ಇಡಿ. ಹೊಟ್ಟೆಗೆ ಗಾಳಿ ತಾಗಿದರೆ ಕಾವು ಬಿಡುತ್ತದೆ. ನೀರಲ್ಲಿ ಮುಳುಗಿಸುವ ಹಳೆ ಉಪಾಯ ನಮ್ಮ ಮಳೆಗೆ ಬೇಡ, ಪಾಪ.

ನೀರಿನ ವಿಷಯ ಎಲ್ಲರೂ ಮರೆಯುತ್ತಾರೆ. ಚಿಪ್ಪು ಬಿಟ್ಟರೆ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ. ಮಾರ್ಚ್ ಬಿಸಿಲಲ್ಲಿ ಒಂದು ಮಧ್ಯಾಹ್ನ ಬಟ್ಟಲು ಒಣಗಿದರೂ ಅದರ ಪೆಟ್ಟು ಮೊಟ್ಟೆಗೆ ಬೀಳುತ್ತದೆ. ಇನ್ನು ಮಳೆಗಾಲದ ಜೋಳ. ಒಂದು ಅಂಗಡಿಯವರು ಬೂಸ್ಟು ಹಿಡಿದ ಚೀಲ ಕೊಟ್ಟರು, ನಾನು ಮೂಸದೆ ತಂದೆ. ಗುಂಡಿಗೆ ಸುರಿದೆ. ಬೂಸ್ಟಿನ ವಿಷ ಕೋಳಿಯ ಲಿವರ್‌ಗೆ ಹೊಡೆಯುತ್ತದೆ.

ಕೊನೆಗೆ ರಾತ್ರಿ ಟಾರ್ಚ್ ಹಾಕಿ ಅಟ್ಟಣೆಯ ಬಿರುಕು ನೋಡಿ. ಬಿಳಿ ಕಾಗದ ಉಜ್ಜಿದಾಗ ರಕ್ತದ ಗೀರು ಬಂದರೆ ಕೆಂಪು ಹೇನು. ಅದು ಹಗಲು ಬಿರುಕಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ಅಟ್ಟಣೆ ಕಳಚಿ ಕುದಿನೀರು ಹೊಯ್ಯಿರಿ. ಹಸಿರು ಬೇಧಿ, ಕತ್ತು ತಿರುಚುವುದು, ಉಸಿರಿಗೆ ಬಾಯಿ ಬಿಡುವುದು ಕಂಡರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಆಗ ಮನೆಮದ್ದು ಬೇಡ, ಆ ಕೋಳಿಯನ್ನು ಬೇರೆ ಇಟ್ಟು ಪಶು ಆಸ್ಪತ್ರೆಗೆ ಹೇಳಿ.

ನಮ್ಮ 11ರಲ್ಲಿ ಒಂದೂ ಸಾರಾಗಲಿಲ್ಲ. ಸೆಪ್ಟೆಂಬರ್ ಕೊನೆಗೆ ಬೂದು ಗಿರಿರಾಜ ಮೊದಲ ಮೊಟ್ಟೆ ಇಟ್ಟಿತು. ಅತ್ತೆ ಅದನ್ನು ಸೆರಗಲ್ಲಿ ಒರೆಸಿ, ಯಾರಿಗೂ ಹೇಳದೆ ತಾವೇ ಆಮ್ಲೆಟ್ ಮಾಡಿಕೊಂಡು ತಿಂದರು.