‘ಇವಳು ಒಂಥರಾ’: ದೊಡ್ಡವರಾದ ಮೇಲೆ ಆಟಿಸಂ ಅನುಮಾನ ಬಂದರೆ ಎಲ್ಲಿಂದ ಶುರು ಮಾಡಬೇಕು

ಅಣ್ಣನ ಮಗನಿಗೆ ನಾಲ್ಕು ವರ್ಷವಾದರೂ ಮಾತು ಸರಿಯಾಗಿ ಬಂದಿರಲಿಲ್ಲ. ಮೈಸೂರಿನಲ್ಲಿ ತೋರಿಸಿದಾಗ ಆಟಿಸಂ ಇರಬಹುದೇ, ಅಂದರೆ ಜನರೊಡನೆ ಬೆರೆಯುವ, ಸುತ್ತಲನ್ನು ಗ್ರಹಿಸುವ ರೀತಿಯೇ ಚಿಕ್ಕಂದಿನಿಂದ ಬೇರೆಯೇ ಎಂದು ನೋಡುವ ಒಂದು ಪ್ರಶ್ನೆಪಟ್ಟಿ ಕೊಟ್ಟು, ಮನೆಯಲ್ಲಿ ತುಂಬಿಕೊಂಡು ಬನ್ನಿ ಎಂದಿದ್ದರಂತೆ. ದಸರಾ ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದಿದ್ದ ಅತ್ತಿಗೆ ಜಗಲಿಯಲ್ಲಿ ಕೂತು ಒಂದೊಂದೇ ಓದುತ್ತಿದ್ದರು. ಜೋರು ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನಾ? ಸಾಮಾನುಗಳನ್ನು ಸಾಲಾಗಿ ಜೋಡಿಸುತ್ತಾನಾ? ದಿನದ ಕ್ರಮ ತಪ್ಪಿದರೆ ರಂಪ ಮಾಡುತ್ತಾನಾ? ಅಮ್ಮ ಅಡಿಕೆ ಸುಲಿಯುತ್ತ, ತಲೆ ಎತ್ತದೆ, ‘ಇವಳೂ ಹಂಗೇ ಇದ್ಲಲ್ಲ ಮಾರಾಯ್ತಿ, ಅದಕ್ಕೆಂತ ಆಸ್ಪತ್ರೆಗೆ ಹೋಗೂದು?’ ಎಂದರು.

ಇವಳು ಎಂದರೆ ನಾನು. ಆಗ ನನಗೆ 38.

ಆಮೇಲಿನ ಮೂರು ವರ್ಷದಲ್ಲಿ ಎರಡು ಸಲ ತಪ್ಪು ಬಾಗಿಲು ತಟ್ಟಿ, ಒಂದಷ್ಟು ದುಡ್ಡು, ಅದಕ್ಕಿಂತ ಹೆಚ್ಚು ನಿದ್ದೆ ಕಳೆದುಕೊಂಡು ಒಂದು ಉತ್ತರಕ್ಕೆ ಬಂದಿದ್ದೇನೆ. ನಾನು ಡಾಕ್ಟರಲ್ಲ. ತುಮಕೂರಿನ ಡಿಗ್ರಿ ಕಾಲೇಜೊಂದರಲ್ಲಿ ಲೈಬ್ರರಿಯನ್. ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಆಟಿಸಂನ ಸಂಖ್ಯೆ 616.85882. ಅನುಮಾನ ಬಂದ ಮರುವಾರವೇ ಆ ಸಂಖ್ಯೆಯ ಕಪಾಟಿಗೆ ಹೋಗಿ ನಿಂತೆ. ಇದ್ದದ್ದೆಲ್ಲ ಮಕ್ಕಳ ಬಗ್ಗೆ, ತಾಯ್ತಂದೆಗಳಿಗೆ ಬರೆದದ್ದು. ಆ ಮಕ್ಕಳು ದೊಡ್ಡವರಾದ ಮೇಲೆ ಏನಾಗುತ್ತಾರೆ ಎಂದು ಯಾರೂ ಬರೆದಂತಿರಲಿಲ್ಲ. ಹಾಗಾಗಿ ಇದು.

ಮೊದಲು ಫೋನಿನ ಪರೀಕ್ಷೆಗಳ ವಿಷಯ ಮುಗಿಸುತ್ತೇನೆ. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ, ಅದೂ ರಾತ್ರಿ ಹನ್ನೊಂದರ ಮೇಲೆ. ಹೆಚ್ಚಾಗಿ ಸಿಗುವುದು ‘ಎಕ್ಯು’, ಅಂದರೆ ಆಟಿಸಂ ಸ್ಪೆಕ್ಟ್ರಮ್ ಕ್ವೋಶೆಂಟ್ ಎಂಬ ಪ್ರಶ್ನೆಪಟ್ಟಿ. ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೋಹೆನ್ ತಂಡ 2001ರಲ್ಲಿ ಪ್ರಕಟಿಸಿದ್ದು. 50 ಹೇಳಿಕೆಗಳಿವೆ, 32 ಅಥವಾ ಹೆಚ್ಚು ಅಂಕ ಬಂದರೆ ಗಮನಿಸಬೇಕು ಎಂಬ ಲೆಕ್ಕ. ಅವರದೇ ಅಧ್ಯಯನದಲ್ಲಿ ಆಟಿಸಂ ಇದ್ದವರಲ್ಲಿ 100ಕ್ಕೆ 80 ಮಂದಿ ಆ ಗೆರೆ ಮುಟ್ಟಿದ್ದರು, ಇಲ್ಲದವರಲ್ಲಿ 2 ಮಂದಿ. ಅಂದರೆ ಆಟಿಸಂ ಇದ್ದೂ ಗೆರೆಯ ಕೆಳಗೆ ಉಳಿದವರು 20.

ಅದರಲ್ಲಿ ಒಂದು ಹೇಳಿಕೆ: ಪಾರ್ಟಿಗಿಂತ ಲೈಬ್ರರಿಗೆ ಹೋಗುವುದು ನನಗಿಷ್ಟ. ನನಗೆ ಸಂಬಳ ಬರುವುದೇ ಲೈಬ್ರರಿಯಿಂದ, ಏನೆಂದು ಒತ್ತಲಿ? ಇನ್ನೊಂದು: ಮ್ಯೂಸಿಯಂಗಿಂತ ನಾಟಕ ಇಷ್ಟ. ನಮ್ಮೂರಲ್ಲಿ ಮ್ಯೂಸಿಯಂ ಎಲ್ಲಿತ್ತು? ಬೆಳಗಿನವರೆಗೆ ಯಕ್ಷಗಾನ ಇರುತ್ತಿತ್ತು. ಚೆಂಡೆ ಏರಿದಾಗ ನಾನು ಗದ್ದೆಯಂಚಿಗೆ ಓಡಿಬಿಡುತ್ತಿದ್ದೆ, ಆದರೆ ಪ್ರಸಂಗದ ಪದ್ಯಗಳೆಲ್ಲ ಬಾಯಿಪಾಠವಾಗಿದ್ದವು. ಇದಕ್ಕೆ ಎಷ್ಟು ಅಂಕ? ಮೊದಲ ರಾತ್ರಿ ನನಗೆ 36 ಬಂತು. ಹತ್ತು ದಿನ ಬಿಟ್ಟು, ಚೆನ್ನಾಗಿ ನಿದ್ದೆಯಾದ ಭಾನುವಾರ ಮಾಡಿದಾಗ 31. ‘ರಾಡ್ಸ್-ಆರ್’ ಎಂಬ 80 ಪ್ರಶ್ನೆಗಳದ್ದೂ ಇದೆ, ಅದರ ಗೆರೆ 65. ಬರೀ ಆತಂಕದ ತೊಂದರೆ ಇರುವವರೂ ಅದನ್ನು ಸಲೀಸಾಗಿ ದಾಟಿಬಿಡುತ್ತಾರೆ. ಹಾಗೆಂದು ಇವು ದಂಡ ಅಲ್ಲ. ಅಂಕ ಬಿಟ್ಟುಬಿಡಿ. ಯಾವ ಹೇಳಿಕೆ ಓದಿದಾಗ ‘ಅಯ್ಯೋ, ನನ್ನ ಈ ವಿಷಯ ಹೇಗೆ ಗೊತ್ತಾಯಿತು ಇವರಿಗೆ’ ಎನ್ನಿಸಿತೋ ಅಷ್ಟನ್ನೇ ಬರೆದಿಟ್ಟುಕೊಳ್ಳಿ, ಮುಂದೆ ಬೇಕು.

ನಂತರ ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ.

ಬಲಪುಟದಲ್ಲಿ ಘಟನೆ ಬರೆಯಬೇಕು, ಗುಣವಲ್ಲ. ‘ನನಗೆ ಜನ ಸೇರುವುದಿಲ್ಲ’ ಎಂದು ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯದು. ಏನಾಯಿತು, ಆಗ ವಯಸ್ಸೆಷ್ಟು, ನೋಡಿದವರು ಯಾರು, ಆಮೇಲೆ ಅದರ ಸುಸ್ತು ಎಷ್ಟು ದಿನ ಇತ್ತು, ಇಷ್ಟು ಬೇಕು. ಎಡಪುಟ ಖಾಲಿ ಬಿಡಿ. ಅದು ವಿರುದ್ಧ ಸಾಕ್ಷಿಗೆ. ಅನುಮಾನ ಬಂದ ಹೊಸತರಲ್ಲಿ ಕೆಮ್ಮಿದ್ದೂ ಆಟಿಸಂ, ಸೀನಿದ್ದೂ ಆಟಿಸಂ ಎನ್ನಿಸುತ್ತದೆ. ನನ್ನನ್ನು ನೆಲಕ್ಕೆ ಇಳಿಸಿದ್ದು ಎಡಪುಟವೇ.

ಏನೇನು ಹುಡುಕಬೇಕು ಎಂಬುದಕ್ಕೆ ಡಾಕ್ಟರುಗಳು ನೋಡುವ ಚೌಕಟ್ಟನ್ನೇ ಇಟ್ಟುಕೊಳ್ಳಿ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಲಕ್ಷಣಗಳ ಎರಡು ಗುಂಪಿವೆ. ಮೊದಲನೆಯದರಲ್ಲಿ ಮೂರು: ಮಾತಿನ ಕೊಡುಕೊಳ್ಳುವಿಕೆ, ಕಣ್ಣು-ಮುಖ-ಕೈಸನ್ನೆಗಳ ಬಳಕೆ, ಸ್ನೇಹ-ಸಂಬಂಧ ಕಟ್ಟಿ ಉಳಿಸಿಕೊಳ್ಳುವುದು. ಮೂರರಲ್ಲೂ ತೊಡಕಿರಬೇಕು. ಎರಡನೆಯದರಲ್ಲಿ ನಾಲ್ಕು: ಮತ್ತೆ ಮತ್ತೆ ಮಾಡುವ ಚಲನೆ ಅಥವಾ ಮಾತು, ಕ್ರಮ ತಪ್ಪಿದರೆ ತಡೆಯಲಾಗದಿರುವುದು, ಒಂದೇ ವಿಷಯದಲ್ಲಿ ಮುಳುಗುವುದು, ಶಬ್ದ-ಬೆಳಕು-ಸ್ಪರ್ಶ-ರುಚಿಗಳಲ್ಲಿ ಅತಿ ಅಥವಾ ಅತಿಕಡಿಮೆ ಸಂವೇದನೆ. ಇವುಗಳಲ್ಲಿ ಎರಡಾದರೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಇವು ಚಿಕ್ಕಂದಿನಿಂದಲೇ ಇದ್ದಿರಬೇಕು. ಆಗ ಮುಚ್ಚಿಕೊಂಡಿದ್ದು ಈಗ ಹೊರಬಿದ್ದಿದ್ದರೂ ಆದೀತು. ಬದುಕಿಗೆ ನಿಜವಾದ ತೊಂದರೆ ಕೊಟ್ಟಿರಬೇಕು. ಮೂವತ್ತರ ಮೇಲೆ, ಕೆಲಸದ ಒತ್ತಡದಲ್ಲಿ ಹೊಸದಾಗಿ ಹುಟ್ಟಿಕೊಂಡದ್ದಾದರೆ ಬೇರೆ ಕಾರಣ ಹುಡುಕಿ.

ನನ್ನ ಬಲಪುಟದಿಂದ ಕೆಲವು ಹೇಳುತ್ತೇನೆ, ಬರೆಯುವ ರೀತಿ ಗೊತ್ತಾಗಲಿ ಎಂದು.

‘ಊಟ ಆಯ್ತಾ?’ ಎಂದು ಕೇಳಿದವರಿಗೆಲ್ಲ ನಾನು ಏನು ಉಂಡೆ, ಎಷ್ಟಕ್ಕೆ ಉಂಡೆ, ಹುಳಿಗೆ ಉಪ್ಪು ಕಡಿಮೆ ಇತ್ತು ಎಂದೆಲ್ಲ ಹೇಳುತ್ತಿದ್ದೆ, ಪಿಯುಸಿ ಮುಗಿಯುವವರೆಗೂ. ಅದು ಪ್ರಶ್ನೆಯಲ್ಲ, ನಮಸ್ಕಾರ ಎಂದು ಹಾಸ್ಟೆಲಿನ ಗೆಳತಿ ಹೇಳಿಕೊಟ್ಟಳು. ಮದುವೆಯಾದ ಹೊಸತರಲ್ಲಿ ನಮ್ಮನೆಯವರ ಸಹೋದ್ಯೋಗಿಯೊಬ್ಬರು ‘ಒಂದ್ಸಲ ಮನೆ ಕಡೆ ಬನ್ನಿ’ ಎಂದರು. ಮುಂದಿನ ಭಾನುವಾರ ನಾನೊಬ್ಬಳೇ ಹೋದೆ. ಅವರು ಬನಿಯನ್ನಿನಲ್ಲಿ ಬಾಗಿಲು ತೆಗೆದರು. ಎರಡು ಗಂಟೆ ಕೂತಿದ್ದೆ, ಎದ್ದು ಬರುವ ಹೊತ್ತು ಯಾವುದೆಂದು ತಿಳಿಯದೆ.

ಚಿಕ್ಕವಳಿದ್ದಾಗ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಬೋರ್ಡು ಪೂರ್ತಿ ಬಾಯಿಪಾಠ. ಮಾವ ಬಂದವರ ಮುಂದೆಲ್ಲ ನಿಲ್ಲಿಸಿ, ‘ಕೊಪ್ಪಕ್ಕೆ ಹತ್ತರ ಮೇಲೆ ಎಂತ ಉಂಟೇ?’ ಎಂದು ಕೇಳಿಸಿ ನಗುತ್ತಿದ್ದರು. ನನಗೆ ಅದು ನಗುವ ವಿಷಯ ಎಂದೇ ಹೊಳೆದಿರಲಿಲ್ಲ. ಕುಕ್ಕರ್ ಕೂಗುವ ಮೊದಲು ನಾನು ಹಿತ್ತಲಿಗೆ ಹೋಗುತ್ತೇನೆ, ಇವತ್ತಿಗೂ. ಜರಿ ಅಂಚು ಕುತ್ತಿಗೆಗೆ ತಾಗಿದರೆ ಆ ದಿನದ ಬೇರೆ ಏನೂ ನೆನಪಿನಲ್ಲಿ ಉಳಿಯುವುದಿಲ್ಲ.

ಈಗ ಕಣ್ಣಿನ ವಿಷಯ. ವಿದೇಶದ ಪ್ರಶ್ನೆಪಟ್ಟಿಗಳಲ್ಲಿ ಕಣ್ಣಿಗೆ ಕಣ್ಣು ಕೊಡದಿರುವುದು ದೊಡ್ಡ ಲಕ್ಷಣ. ನಮ್ಮಲ್ಲಿ ಹಿರಿಯರೆದುರು ತಲೆ ತಗ್ಗಿಸಿದ ಹುಡುಗಿಗೆ ‘ಎಷ್ಟು ವಿನಯ’ ಎಂಬ ಸರ್ಟಿಫಿಕೇಟು. ನನ್ನ ಅತ್ತೆ ನನ್ನನ್ನು ಒಪ್ಪಿದ್ದೇ ಅದಕ್ಕೆ. ಹಾಗಾಗಿ ಹಿರಿಯರ ಜೊತೆ ಹೇಗಿದ್ದಿರಿ ಎಂಬುದು ಸಾಕ್ಷಿಯಾಗದು. ಓರಗೆಯವರ ಜೊತೆ, ತಮ್ಮ-ತಂಗಿಯರ ಜೊತೆ, ಅಂಗಡಿಯವನ ಜೊತೆ ಹೇಗೆ ಎಂದು ನೋಡಿ. ನಾನು ಅಲ್ಲೂ ಹುಬ್ಬಿನ ನಡುವೆ ನೋಡುತ್ತೇನೆ.

ಮುಖವಾಡಕ್ಕೆ ಬೇರೆ ಪುಟವೇ ಬೇಕು. ಇಂಗ್ಲಿಷಿನಲ್ಲಿ ಮಾಸ್ಕಿಂಗ್ ಎನ್ನುತ್ತಾರೆ. ಎಲ್ಲರಂತೆ ಕಾಣಲು ಕಲಿತುಕೊಂಡ ನಟನೆ. ಅದನ್ನೇ ಅಳೆಯುವ 25 ಪ್ರಶ್ನೆಗಳ ‘ಕ್ಯಾಟ್-ಕ್ಯು’ 2018ರಲ್ಲಿ ಬಂತು. ನನ್ನ ಮುಖವಾಡ ಸಾರಿನ ಬಕೆಟ್ಟು. ಯಾವ ಮದುವೆಮನೆಗೆ ಹೋದರೂ ಸೆರಗು ಸಿಕ್ಕಿಸಿ ಬಡಿಸಲು ನಿಲ್ಲುತ್ತೇನೆ. ಪಂಕ್ತಿಯಲ್ಲಿ ಬಡಿಸುವವರು ‘ಸಾರು, ಸಾರು’ ಎಂದರೆ ಸಾಕು, ಬೇರೆ ಮಾತು ಬೇಡ, ಎಲ್ಲಿ ನಿಲ್ಲಬೇಕು ಎಲ್ಲಿಗೆ ತಿರುಗಬೇಕು ಎಲ್ಲ ಗೊತ್ತಿರುವುದೇ. ಊರವರು ‘ಎಷ್ಟು ಚುರುಕು, ಎಷ್ಟು ಮನೆಯವಳಂತೆ’ ಎಂದು ಹೊಗಳುತ್ತಾರೆ. ಮರುದಿನ ನಾನು ಕತ್ತಲ ಕೋಣೆಯಲ್ಲಿ ಮಲಗಿರುತ್ತೇನೆ. ನಿಮ್ಮ ಸಾರಿನ ಬಕೆಟ್ಟು ಯಾವುದು ಎಂದು ಹುಡುಕಿ. ಕೆಲವರಿಗೆ ಅದು ಜೋಕು, ಕೆಲವರಿಗೆ ಕ್ಯಾಮೆರಾ, ಕೆಲವರಿಗೆ ಮಗುವನ್ನು ಎತ್ತಿಕೊಂಡು ಓಡಾಡುವುದು.

ಎಡಪುಟದಲ್ಲಿ ಬಿದ್ದದ್ದು: ಬೇರೆಯವರು ಅತ್ತರೆ ನನಗೆ ಹೊಟ್ಟೆ ಕಲಸುತ್ತದೆ. ಇದನ್ನು ದೊಡ್ಡ ವಿರುದ್ಧ ಸಾಕ್ಷಿ ಎಂದುಕೊಂಡಿದ್ದೆ. ಆಟಿಸಂ ಇದ್ದವರಿಗೆ ಮರುಕ ಇರುವುದಿಲ್ಲ ಎಂಬುದೇ ಸುಳ್ಳು ಎಂದು ಆಮೇಲೆ ತಿಳಿಯಿತು. ಅತ್ತವರಿಗೆ ಏನು ಹೇಳಬೇಕೆಂದು ತೋಚದಿರುವುದು ಬೇರೆ, ಏನೂ ಅನ್ನಿಸದಿರುವುದು ಬೇರೆ.

ಬಾಲ್ಯದ ಸಾಕ್ಷಿ ಕೊಡಬಲ್ಲವರು ಮನೆಯವರು. ಆದರೆ ಅಮ್ಮನ ಹತ್ತಿರ ಹೋಗಿ ‘ನನಗೆ ಆಟಿಸಂ ಇರಬಹುದು’ ಎಂದರೆ ಅಲ್ಲಿಗೆ ಮುಗಿಯಿತು. ಅವರಿಗೆ ಅದು ‘ನೀನು ನನ್ನನ್ನು ಸರಿಯಾಗಿ ಬೆಳೆಸಲಿಲ್ಲ’ ಎಂದು ಕೇಳಿಸುತ್ತದೆ. ಕೈಯಲ್ಲಿ ಕೆಲಸ ಇರುವಾಗ ಕೇಳಿ. ನಾನು ಅಡಿಕೆ ರಾಶಿಯ ಮುಂದೆ ಕೂತು ‘ನಾನು ಸಣ್ಣಕ್ಕಿದ್ದಾಗ ಎಂತಕ್ಕೆಲ್ಲ ಹಟ ಮಾಡ್ತಿದ್ದೆ?’ ಎಂದೆ. ಮೂರು ರಾತ್ರಿ ಸುಲಿಯುವಷ್ಟು ಕಥೆ ಬಂತು. ಅಂಗಳದಲ್ಲಿ ಒಣಗಿಸಿದ ಅಡಿಕೆಯನ್ನು ಗಾತ್ರದ ಮೇಲೆ ಸಾಲು ಮಾಡುತ್ತಿದ್ದದ್ದು, ಯಾರಾದರೂ ದಾಟಿ ಕೆಡಿಸಿದರೆ ಊಟ ಬಿಡುತ್ತಿದ್ದದ್ದು, ವಾಲಗದವರು ಬಂದರೆ ಪಾತ್ರೆ ಕೋಣೆ ಸೇರುತ್ತಿದ್ದದ್ದು. ತಾಯ್ತಂದೆ ಇಲ್ಲದಿದ್ದರೆ ದೊಡ್ಡಕ್ಕ, ಚಿಕ್ಕಮ್ಮ, ಪಕ್ಕದ ಮನೆಯವರು ಯಾರಾದರೂ ಆದೀತು. ಹಳೇ ಪ್ರಗತಿಪತ್ರ ಸಿಕ್ಕರೆ ಬಂಗಾರ. ನನ್ನ ಮೂರನೇ ಕ್ಲಾಸಿನದರಲ್ಲಿ ‘ಓದಿನಲ್ಲಿ ಮುಂದು, ಯಾರೊಡನೆಯೂ ಬೆರೆಯುವುದಿಲ್ಲ’ ಎಂದಿತ್ತು. ಮೇಷ್ಟ್ರನ್ನು ದೂರುವಂತಿಲ್ಲ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತು ಬರೆಯುತ್ತ ವಿವರಿಸಿದ 11 ಮಕ್ಕಳಲ್ಲಿ ಹುಡುಗಿಯರು ಮೂವರೇ, ಮುಂದೆ ಬಹುಕಾಲ ಇದು ಹುಡುಗರದೇ ಎಂಬ ನಂಬಿಕೆ ಉಳಿಯಿತು. ಮಾತು ಚೆನ್ನಾಗಿ ಬರುವವರನ್ನೂ ಸೇರಿಸಿಕೊಳ್ಳುವ ಆಸ್ಪರ್ಜರ್ ಎಂಬ ಹೆಸರು ಅಮೆರಿಕದ ಡಿಎಸ್‌ಎಂಗೆ ಸೇರಿದ್ದು 1994ರಲ್ಲಿ. ಅಷ್ಟರಲ್ಲಿ ನಾನು ಪ್ರೈಮರಿ ಮುಗಿಸುವುದರಲ್ಲಿದ್ದೆ.

ನೋಟ್‌ಬುಕ್ ಅರ್ಧ ತುಂಬಿದ ಮೇಲೆ ಬೇರೆ ಸಾಧ್ಯತೆಗಳನ್ನು ಇಟ್ಟು ನೋಡಿ. ನಮ್ಮ ಕಾಲೇಜಿನಲ್ಲಿ ಒಬ್ಬರು ನನ್ನ ಕಥೆ ಕೇಳಿ ‘ನಂದೂ ಅದೇ ಮೇಡಂ’ ಎಂದು ತೋರಿಸಿಕೊಂಡರು. ಅವರದು ಸಾಮಾಜಿಕ ಆತಂಕ ಎಂದಾಯಿತು, ಚಿಕಿತ್ಸೆಯಿಂದ ಆರು ತಿಂಗಳಲ್ಲಿ ಎಷ್ಟೋ ಹಗುರಾದರು. ಆಟಿಸಂ ಎಂದೇ ಕೂತಿದ್ದರೆ ಅದೂ ಸಿಗುತ್ತಿರಲಿಲ್ಲ. ನಾವಿಬ್ಬರೂ ಮಾತಾಡಿ ಕಂಡುಕೊಂಡ ವ್ಯತ್ಯಾಸ ಇದು: ಅವರಿಗೆ ಏನು ಮಾತಾಡಬೇಕೆಂದು ಗೊತ್ತು, ಜನ ಏನಂದುಕೊಂಡಾರೋ ಎಂದು ಬಾಯಿ ಕಟ್ಟುತ್ತದೆ. ನನಗೆ ಭಯವಿಲ್ಲ, ಏನು ಮಾತಾಡಬೇಕೆಂಬುದೇ ಗೊತ್ತಿಲ್ಲ. ಅವರಿಗೆ ಕುಕ್ಕರ್ ತೊಂದರೆಯಿಲ್ಲ, ಬಸ್ ಬೋರ್ಡೂ ಇಲ್ಲ. ಗಮನ ನಿಲ್ಲದ, ಚಡಪಡಿಸುವ ಎಡಿಎಚ್‌ಡಿ, ಗೀಳು ರೋಗ, ಖಿನ್ನತೆ, ಚಿಕ್ಕಂದಿನಲ್ಲಿ ಮನಸ್ಸಿಗೆ ಬಿದ್ದ ಪೆಟ್ಟು ಇವೂ ಹೊರಗಿನಿಂದ ಹೀಗೇ ಕಾಣಬಹುದು. ಒಂದಿದ್ದರೆ ಇನ್ನೊಂದಿಲ್ಲ ಎಂದೂ ಅಲ್ಲ, ಎಡಿಎಚ್‌ಡಿ ಮತ್ತು ಆಟಿಸಂ ಒಟ್ಟಿಗೇ ಇರುವುದು ಸಾಕಷ್ಟಿದೆ. ಗದ್ದಲದಲ್ಲಿ ಮಾತು ತಿಳಿಯುವುದಿಲ್ಲ ಎಂದರೆ ಒಮ್ಮೆ ಕಿವಿಯನ್ನೂ ತೋರಿಸಿ. ಬದುಕು ಸಾಕು ಎನ್ನಿಸುವ ಮಟ್ಟಕ್ಕೆ ಹೋಗಿದ್ದರೆ ನೋಟ್‌ಬುಕ್ ಪಕ್ಕಕ್ಕಿಟ್ಟು ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಡಾಕ್ಟರ ಹತ್ತಿರ ಹೋಗುವುದು ಕಡ್ಡಾಯವೇನಲ್ಲ. ತನ್ನನ್ನು ತಾನು ಅರ್ಥ ಮಾಡಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಅಲ್ಲಿಗೆ ನಿಲ್ಲಿಸಿದವರಿದ್ದಾರೆ. ನನಗೆ ಅಷ್ಟು ಸಾಲಲಿಲ್ಲ, ಎಡಪುಟ ಬಲಪುಟ ನೋಡಿ ತೀರ್ಪು ಕೊಡಲು ಮೂರನೆಯವರು ಬೇಕಿತ್ತು.

ಮೊದಲು ಹೋದ ಮನೋವೈದ್ಯರು ಎಂಟು ನಿಮಿಷದಲ್ಲಿ ‘ಮದುವೆಯಾಗಿದೆ, ಕೆಲಸ ಇದೆ, ಎಂಥ ಆಟಿಸಂ?’ ಎಂದು ನಿದ್ದೆ ಮಾತ್ರೆ ಬರೆದರು. ಎರಡನೆಯ ಕಡೆ ಮಕ್ಕಳನ್ನು ಮಾತ್ರ ನೋಡುತ್ತಿದ್ದರು, ಅದು ಗೊತ್ತಾದದ್ದು ಬೆಂಗಳೂರು ಮುಟ್ಟಿ ಟೋಕನ್ ತೆಗೆದ ಮೇಲೆ. ಅದಕ್ಕೇ ಹೊರಡುವ ಮುನ್ನ ಫೋನ್ ಮಾಡಿ ಹೀಗೇ ಕೇಳಿ: ‘ವಯಸ್ಕರಿಗೆ ಆಟಿಸಂ ಅಸೆಸ್‌ಮೆಂಟ್ ಮಾಡ್ತೀರಾ? ಯಾರು ಮಾಡೋದು? ಎಷ್ಟು ಸಲ ಬರಬೇಕು? ಬರವಣಿಗೆಯಲ್ಲಿ ರಿಪೋರ್ಟ್ ಕೊಡ್ತೀರಾ?’ ಮಾಡಬೇಕಾದವರು ಮನೋವೈದ್ಯರು, ಇಲ್ಲವೇ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್. ಬರೀ ಕೌನ್ಸೆಲರ್ ಎಂಬ ಬೋರ್ಡು ಸಾಲದು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಮೂರನೆಯ ಕಡೆ ನನಗೆ ಮೂರು ಭೇಟಿ, ಎಲ್ಲ ಸೇರಿ ಒಂಬತ್ತು ಸಾವಿರದಷ್ಟು ಆಯಿತು. ಎರಡನೆಯ ಭೇಟಿಗೆ ಅಣ್ಣನನ್ನು ಕರೆದುಕೊಂಡು ಹೋಗಿದ್ದೆ, ಬಾಲ್ಯ ಹೇಳಲು. ನೋಟ್‌ಬುಕ್ ಇಡೀ ಕೊಡಬೇಡಿ, ಯಾರಿಗೂ ಪುರುಸೊತ್ತಿಲ್ಲ. ಎರಡು ಪುಟಕ್ಕೆ ಇಳಿಸಿ ಕೊಡಿ. ಆ ದಿನ ಮುಖವಾಡ ಕಳಚಿಟ್ಟು ಹೋಗಿ ಎನ್ನುತ್ತಾರೆ. ನಲವತ್ತು ವರ್ಷದ್ದು ಅಷ್ಟು ಸಲೀಸಾಗಿ ಕಳಚುವುದಿಲ್ಲ. ನಾನು ಬಾಗಿಲಲ್ಲೇ ‘ನಾನು ಈಗ ನಗುತ್ತಿರುವುದು ಅಭ್ಯಾಸದಿಂದ’ ಎಂದುಬಿಟ್ಟೆ. ಅವರು ಅದನ್ನು ಬರೆದುಕೊಂಡರು.

ಉತ್ತರ ಹೌದು ಎಂದು ಬಂತು. ಸರ್ಟಿಫಿಕೇಟಿನ ವಿಷಯ ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಹೆಚ್ಚಿನ ಸವಲತ್ತಿಗೆ ಶೇ. 40ರಷ್ಟಾದರೂ ವೈಕಲ್ಯ ಇದೆ ಎಂಬ ಸರ್ಟಿಫಿಕೇಟು ಬೇಕು. ಅದನ್ನು ಅಳೆಯಲು ನಮ್ಮ ದೇಶದ್ದೇ ಆದ ಐಎಸ್‌ಎಎ ಮಾಪಕ ಇದೆ, 40 ಅಂಶಗಳದ್ದು. ನಾನು ಅರ್ಜಿ ಹಾಕಲಿಲ್ಲ. ಲೈಬ್ರರಿಯಲ್ಲಿ ನನಗೆ ಬೇಕಾಗಿದ್ದದ್ದು ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವ ಚೋಕ್ ಬದಲಿಸುವುದು ಅಷ್ಟೇ, ಅದನ್ನು ಪ್ರಿನ್ಸಿಪಾಲರಿಗೆ ಕಾರಣ ಹೇಳದೆಯೇ ಮಾಡಿಸಿಕೊಂಡೆ. ನಮ್ಮನೆಯವರಿಗೆ, ಅಣ್ಣ-ಅತ್ತಿಗೆಗೆ ಹೇಳಿದ್ದೇನೆ. ಆಫೀಸಿನಲ್ಲಿ ಹೇಳುವ ಮೊದಲು ಒಂದು ತಿಂಗಳು ಸುಮ್ಮನಿರಿ. ಹೇಳಿದ ಮೇಲೆ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ಔಷಧಿ ಕೊಟ್ರಾ?’ ಎಂದರು. ಇದಕ್ಕೆ ಔಷಧಿ ಇಲ್ಲ ಎಂದೆ. ‘ಮತ್ತೆ ಎಂತಕ್ಕೆ ಹೋದದ್ದು?’ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರು, ‘ಪಾತ್ರೆ ಕೋಣೇಲಿ ನಿಂಗೆ ಅಂತ ಒಂದು ಮಣೆ ಇಟ್ಟಿರ್ತಿದ್ದೆ, ನೆನಪುಂಟಾ?’ ಎಂದರು. ನನಗೆ ನೆನಪಿರಲಿಲ್ಲ. ಬಲಪುಟದಲ್ಲಿ ಬರೆದುಕೊಂಡೆ.