ಎಂಟೂವರೆ ಕೆಜಿ ಚೀಲ ಎರಡು ಕೆಜಿಗೆ ಇಳಿದದ್ದು

ಅರವತ್ತು ದಾಟಿದ ಇಬ್ಬರು ಫೋಟೋಗ್ರಾಫರ್‌ಗಳು ಮುಂಬಯಿಯ ದಾದರ್ ಸೇತುವೆಯ ಮೇಲೆ ಸಿಕ್ಕರೆ ಮಾತು ಮೊಣಕಾಲಿನಿಂದ ಶುರುವಾಗಿ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಕ್ಕೆ ಬಂದು ನಿಲ್ಲುತ್ತದೆ. ‘ಭಾರ ತಡೀಲಿಕ್ಕೆ ಆಗುದಿಲ್ಲ ಮಾರಾಯ್ರೆ, ಕ್ಯಾಮೆರಾ ಬದಲಾಯಿಸ್ಬೇಕು.’ ಭಾರದ ಮಾತು ನಿಜವೇ. ಕ್ಯಾಮೆರಾದ ತಪ್ಪೆಷ್ಟು ಎಂಬುದು ಮಾತ್ರ ಚೀಲವನ್ನು ತೂಗಿದ ಮೇಲೆ ಹೇಳಬೇಕಾದ ಮಾತು.

ತೂಗಲು ಅಡುಗೆಮನೆಯ 5 ಕೆಜಿಯ ಡಿಜಿಟಲ್ ತಕ್ಕಡಿ ಸಾಕು. ತುಂಬಿದ ಚೀಲಕ್ಕೆ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ. ಬ್ಯಾಟರಿ, ಕಾರ್ಡು ಹಾಕಿಯೇ ತೂಗಿ. ನಿಕಾನ್ ಡಿ750 ಖಾಲಿ ಬಾಡಿ (ಲೆನ್ಸಿಲ್ಲದ ಕ್ಯಾಮೆರಾ) 750 ಗ್ರಾಂ, ಎರಡೂ ಸೇರಿದರೆ 840. ನನ್ನ ಹಳೆಯ ಚೀಲದ ಪಟ್ಟಿಯಲ್ಲಿ ಅದೇ ಮೊದಲ ಸಾಲು. ಅದರ ಕೆಳಗೆ 24-70 ಎಫ್/2.8 ಲೆನ್ಸು (ಮೊದಲ ಅಂಕಿಗಳು ಮಿಮೀ ಲೆಕ್ಕದ ಫೋಕಲ್ ಲೆಂತ್, ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ; ಎಫ್ ಅಂದರೆ ಅಪರ್ಚರ್, ಬೆಳಕು ಬರುವ ಕಿಂಡಿ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) 900 ಗ್ರಾಂ, 70-200 ಎಫ್/2.8 ಲೆನ್ಸು 1540, ಎಸ್‌ಬಿ-700 ಫ್ಲ್ಯಾಶು ಸೆಲ್ಲುಗಳ ಸಮೇತ 460, ತಲೆ ಸಹಿತ ಟ್ರೈಪಾಡ್ 1700, ಚಾರ್ಜರು ಮತ್ತು ಚಿಲ್ಲರೆ ಸಾಮಾನು 350, ಒಂದು ಲೀಟರ್ ನೀರು ಅಂದರೆ 1000, ಏನೂ ತುಂಬದ ಚೀಲವೇ 1900. ಕೂಡಿದರೆ 8690 ಗ್ರಾಂ. ಇದರಲ್ಲಿ ಕ್ಯಾಮೆರಾ ಬಾಡಿಯದು ಹತ್ತರಲ್ಲಿ ಒಂದು ಪಾಲೂ ಇಲ್ಲ. ದಪ್ಪ ಫೋಮಿನ ಖಾಲಿ ಚೀಲ ಎರಡು ಬಾಡಿಗಿಂತ ಭಾರ! ದೇಶದೊಳಗಿನ ವಿಮಾನದಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಇರುವ 7 ಕೆಜಿ ಮಿತಿಯನ್ನೂ ಇದು ದಾಟುತ್ತದೆ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲವಾದ್ದರಿಂದ ಅವೂ ಕೈಚೀಲದ ಲೆಕ್ಕಕ್ಕೇ ಬರುತ್ತವೆ.

ಬಹಳ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಡಿ750 ಕೊಟ್ಟು ಅದೇ ಕಂಪನಿಯ ಮಿರರ್‌ಲೆಸ್ ಝಡ್5 ತಂದರು ಅನ್ನಿ. ಅದರ ತೂಕ 675 ಗ್ರಾಂ, ಅಂದರೆ 165 ಗ್ರಾಂ ಉಳಿತಾಯ. ಹಳೆಯ ಲೆನ್ಸುಗಳನ್ನು ಅದಕ್ಕೆ ಕೂರಿಸಲು ಎಫ್‌ಟಿಝಡ್ ಅಡಾಪ್ಟರ್ ಬೇಕು, ಅದು 135 ಗ್ರಾಂ. ಲಕ್ಷದ ಹತ್ತಿರ ಖರ್ಚು ಮಾಡಿ ಹೆಗಲಿಗೆ ಸಿಕ್ಕಿದ ವಿನಾಯಿತಿ 30 ಗ್ರಾಂ, ಐದಾರು ಪಾರ್ಲೆ-ಜಿ ಬಿಸ್ಕತ್ತಿನ ಕಥೆ. ಕನ್ನಡಿ ತೆಗೆದರೆ ಬಾಡಿ ತೆಳ್ಳಗಾಗುತ್ತದೆ. ಲೆನ್ಸಿನ ಗಾಜು ಕಮ್ಮಿಯಾಗುವುದಿಲ್ಲ. ಫುಲ್ ಫ್ರೇಮ್, ಅಂದರೆ ಹಳೆಯ 35 ಮಿಮೀ ರೀಲಿನ ಫ್ರೇಮಿನಷ್ಟು ದೊಡ್ಡ ಸೆನ್ಸರಿನ (ಚಿತ್ರ ಹಿಡಿಯುವ ಚಿಪ್ಪಿನ) ಮೂಲೆಮೂಲೆಗೂ ಬೆಳಕು ತಲುಪಿಸುತ್ತಾ 200 ಮಿಮೀ ಎಫ್/2.8 ಬೇಕೆಂದರೆ ಮುಂದಿನ ಗಾಜು 70 ಮಿಮೀಗಿಂತ ಅಗಲವಿರಲೇಬೇಕು. ನಿಕಾನ್ ಮಿರರ್‌ಲೆಸ್ಸಿಗೆಂದೇ ಮಾಡಿದ ಮೊದಲ 70-200 ಎಫ್/2.8 ಕೂಡ ಕಾಲರ್ (ಟ್ರೈಪಾಡಿಗೆ ಕೂರಿಸುವ ಬಳೆ) ಸಹಿತ 1440 ಗ್ರಾಂ ತೂಗುತ್ತದೆ.

ತೂಕ ನಿಜವಾಗಿ ಇಳಿಯಬೇಕಾದರೆ ಎರಡೇ ದಾರಿ: ದೊಡ್ಡ ಅಪರ್ಚರ್ ಬಿಟ್ಟುಕೊಡುವುದು, ಇಲ್ಲವೇ ದೊಡ್ಡ ಸೆನ್ಸರ್ ಬಿಟ್ಟುಕೊಡುವುದು. ಫುಲ್ ಫ್ರೇಮ್ ಬಿಡಲು ಮನಸ್ಸಿಲ್ಲದವರು ಝಡ್5ಗೆ 24-200 ಎಫ್/4-6.3 ಒಂದನ್ನೇ ಹಾಕಿಕೊಳ್ಳಲಿ. 570 ಗ್ರಾಂ ಲೆನ್ಸು, ಬಾಡಿ ಸೇರಿ 1245 ಗ್ರಾಂ. ನಡುವಿನ ದಾರಿ ಬೇಕಾದವರಿಗೆ ಮಧ್ಯಮ ಗಾತ್ರದ ಸೆನ್ಸರಿನ ಝಡ್50 ಬಾಡಿಗೆ 16-50, 50-250 ಜೋಡಿ: ಮೂರೂ ಕೂಡಿ 990 ಗ್ರಾಂ. ನಾನು ಇನ್ನೂ ಕೆಳಗಿಳಿದು ಅದಕ್ಕಿಂತ ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್ ಹಿಡಿದೆ. ಒಲಿಂಪಸ್ ಇ-ಎಂ10 ಮಾರ್ಕ್ 3 ಬಾಡಿ 410 ಗ್ರಾಂ, 12-45 ಎಫ್/4 ಲೆನ್ಸು 254, 45 ಎಫ್/1.8 ಲೆನ್ಸು 116. ಮೂರೂ ಸೇರಿ 780 ಗ್ರಾಂ, ಹಳೆಯ ಡಿ750ರ ಬಾಡಿಗಿಂತ ಕಡಿಮೆ. ಈ ಸೆನ್ಸರಿನಲ್ಲಿ ನೋಟದ ಮಟ್ಟಿಗೆ ಫೋಕಲ್ ಲೆಂತ್ ಎರಡು ಪಟ್ಟಾದಂತೆ ಕಾಣುವುದರಿಂದ 12-45 ಅಂದರೆ ಹಳೆಯ ಲೆಕ್ಕದಲ್ಲಿ 24-90. 600 ಗ್ರಾಮಿನ ತೆಳು ಚೀಲ, ಎರಡು ಬಿಡಿ ಬ್ಯಾಟರಿ, ಅರ್ಧ ಲೀಟರ್ ನೀರು ಸೇರಿಸಿದರೂ ಒಟ್ಟು ಎರಡು ಕೆಜಿ ದಾಟುವುದಿಲ್ಲ.

ಯಾವ ಲೆನ್ಸು ಉಳಿಯಬೇಕು ಎಂಬುದನ್ನು ಮನಸ್ಸನ್ನು ಕೇಳಿ ತೀರ್ಮಾನಿಸಬೇಡಿ. ಅದು ಯಾವಾಗಲೂ ‘ಇರಲಿ, ಬೇಕಾಗಬಹುದು’ ಅನ್ನುತ್ತದೆ. ಫೋಟೋ ಜೋಡಿಸಿ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್ ಇದ್ದವರು ಲೈಬ್ರರಿಯ ಮೆಟಾಡೇಟಾ ಫಿಲ್ಟರಿನಲ್ಲಿ ಫೋಕಲ್ ಲೆಂತ್ ಕಾಲಂ ತೆರೆದು ಕಳೆದ ಮೂರು ಪ್ರವಾಸಗಳ ಚಿತ್ರಗಳನ್ನು ನೋಡಲಿ. ಇಲ್ಲದವರಿಗೆ ಚಿತ್ರದೊಳಗಿನ ಇದೇ ಮಾಹಿತಿ ಓದುವ ಎಕ್ಸಿಫ್‌ಟೂಲ್ ಉಚಿತವಾಗಿ ಸಿಗುತ್ತದೆ. ಎಲ್ಲ ಚಿತ್ರಗಳನ್ನೂ ಎಣಿಸಬಾರದು. ಪ್ರಿಂಟ್ ಹಾಕಿಸಿದ, ಇಬ್ಬರಿಗಾದರೂ ಕಳಿಸಿದ ಚಿತ್ರಗಳನ್ನಷ್ಟೇ ಎಣಿಸಿ. ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು 24ರಿಂದ 90ರ ಒಳಗೇ ಬಿದ್ದವು. ತೀರಾ ಅಗಲದ ನೋಟಕ್ಕೆ ಜೇಬಿನ ಮೊಬೈಲ್ ಹೇಗೂ ಇದೆ, ಅದರ ಭಾರ ಮೊದಲೇ ಹೊತ್ತಿದ್ದೇವೆ.

ದುಡ್ಡು ಸುರಿಯುವ ಮೊದಲು ಅಕ್ಕಿ ಪರೀಕ್ಷೆ ಮಾಡಿ. ಹಳೆಯ ಚೀಲಕ್ಕೆ ಒಂದೊಂದು ಕೆಜಿಯ ಸೋನಾ ಮಸೂರಿ ಪೊಟ್ಟಣ ತುಂಬಿ, ನೀವು ಕೊಳ್ಳಬೇಕೆಂದಿರುವ ಸೆಟ್ಟಿನ ತೂಕಕ್ಕೆ ತನ್ನಿ. ಮಧ್ಯಾಹ್ನದ ಖಾಲಿ ಲೋಕಲ್ಲಿನಲ್ಲಿ ಮಾಟುಂಗದಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿ, ಪಕ್ಕದ ಕೋಟೆ (ಫೋರ್ಟ್) ಭಾಗದಲ್ಲಿ ಎರಡು ಗಂಟೆ ನಡೆದು, ಕನಿಷ್ಠ ನಾಲ್ಕು ಸೇತುವೆ ಹತ್ತಿಳಿದು ಮನೆಗೆ ಬನ್ನಿ. ಆ ಸಂಜೆ ಬಿಟ್ಟುಬಿಡಿ, ಮರುದಿನ ಬೆಳಿಗ್ಗೆ ಎದ್ದಾಗ ಕುತ್ತಿಗೆ ಏನನ್ನುತ್ತದೆ ಎಂಬುದೇ ಉತ್ತರ. ನೋವಿದ್ದರೆ ಒಂದು ಪೊಟ್ಟಣ ತೆಗೆದು ಮೂರು ದಿನ ಬಿಟ್ಟು ಮತ್ತೆ ಹೋಗಿ. ಅಂಗಡಿಯಲ್ಲಿ ಎರಡು ನಿಮಿಷ ಕೈಯಲ್ಲಿ ಹಿಡಿದು ನೋಡಿದ್ದಕ್ಕೆ ಅರ್ಥವಿಲ್ಲ. ಅಲ್ಲಿ ಎಲ್ಲವೂ ಹಗುರ.

ಹಗುರ ಮಾಡಿಕೊಂಡ ಮೇಲೆ ಕೆಡುವುದು ಏನೇನು? ಮೊದಲನೆಯದು ಹಿಡಿತ. ಸಣ್ಣ ಬಾಡಿಯಲ್ಲಿ ಕಿರುಬೆರಳಿಗೆ ಜಾಗವಿಲ್ಲ, ಅದು ಕೆಳಗೆ ನೇತಾಡುತ್ತದೆ. ಆಗ ಕ್ಯಾಮೆರಾ ಬೀಳದಂತೆ ಹೆಬ್ಬೆರಳು ಮತ್ತು ತೋರುಬೆರಳು ಚಿವುಟಿ ಹಿಡಿಯುತ್ತವೆ. ಹೆಬ್ಬೆರಳ ಬುಡದ ಕೀಲು ಸವೆದವರಿಗೆ 400 ಗ್ರಾಂ ಚಿವುಟಿ ಹಿಡಿಯುವುದು, 800 ಗ್ರಾಂ ಮುಷ್ಟಿ ತುಂಬ ಹಿಡಿಯುವುದಕ್ಕಿಂತ ಕಷ್ಟ. ಬಾಡಿಯ ತಳಕ್ಕೆ ಸ್ಕ್ರೂ ಮಾಡುವ ಗ್ರಿಪ್ ಹಾಕಿಸಿ. ಅದರ ನೂರು ಗ್ರಾಮಿಗೆ ಜಿಪುಣತನ ಬೇಡ, ಇಡೀ ಚೀಲದಲ್ಲಿ ಹೆಚ್ಚಿಸಬೇಕಾದ ತೂಕ ಅದೊಂದೇ.

ಎರಡನೆಯದು ಅಲುಗಾಟ. ಭಾರದ ಕ್ಯಾಮೆರಾ ತನ್ನ ಜಡತ್ವದಿಂದಲೇ ಬೆರಳಿನ ಒತ್ತನ್ನು ನುಂಗಿಕೊಳ್ಳುತ್ತದೆ, ಹಗುರದ್ದು ಶಟರ್ ಒತ್ತಿದೊಡನೆ ತಲೆ ಬಗ್ಗಿಸುತ್ತದೆ. ಬಾಡಿಯೊಳಗಿನ ಸ್ಟೆಬಿಲೈಸೇಶನ್ (ಕೈ ಅಲುಗಿದಂತೆ ಸೆನ್ಸರನ್ನು ಸರಿಸುವ ವ್ಯವಸ್ಥೆ) ಇದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ, ಪೂರ್ತಿ ಅಲ್ಲ. ಅದಿಲ್ಲದ ಕ್ಯಾಮೆರಾದಲ್ಲಿ 90 ಮಿಮೀ ನೋಟಕ್ಕೆ 1/90 ಸೆಕೆಂಡು ಸಾಕು ಎಂಬ ಹಳೆಯ ಸೂತ್ರ ನಡುಗುವ ಕೈಗೆ ಸಾಲದು, 1/200ಕ್ಕೆ ಏರಿಸಿ. ನಿಧಾನದ ಶಟರ್ ಅನಿವಾರ್ಯವಾದರೆ ಗುಂಡಿ ಒತ್ತಿ ಹಿಡಿದು ಸಾಲಾಗಿ ಮೂರು ಫ್ರೇಮಿನ ಬರ್ಸ್ಟ್ ತೆಗೆಯಿರಿ. ಒತ್ತುವಾಗಿನ ಮತ್ತು ಬಿಡುವಾಗಿನ ಅದುರು ಮೊದಲ, ಕೊನೆಯ ಫ್ರೇಮಿಗೆ ಹೋಗಿ ನಡುವಿನದು ಸಾಮಾನ್ಯವಾಗಿ ಚೂಪಾಗಿ ಉಳಿಯುತ್ತದೆ.

ಇದಕ್ಕೇ ಸೇರಿದ ಮಾತು ಕಣ್ಣಿಟ್ಟು ನೋಡುವ ಕಿಂಡಿ ವ್ಯೂಫೈಂಡರಿನದು. ವ್ಯೂಫೈಂಡರ್ ಇಲ್ಲದ ಕ್ಯಾಮೆರಾವನ್ನು ನಮ್ಮ ವಯಸ್ಸಿನವರು ಎಷ್ಟೇ ಹಗುರವಿದ್ದರೂ ಕೊಳ್ಳಬಾರದು. ಚಾಳೀಸು ಬಂದ ಕಣ್ಣಿಗೆ ಹಿಂದಿನ ಪರದೆ ಕಾಣಲು ಕೈಯನ್ನು ದೂರ ಚಾಚಬೇಕಾಗುತ್ತದೆ, ಚಾಚಿದ ಕೈಯಲ್ಲಿ ಅದೇ ಕ್ಯಾಮೆರಾ ಹೆಗಲಿನ ಮೇಲೆ ಹಲವು ಪಟ್ಟು ಎಳೆತ ಹಾಕುತ್ತದೆ. ಮೊಣಕೈ ಎರಡನ್ನೂ ಪಕ್ಕೆಲುಬಿಗೆ ಒತ್ತಿ, ಎಡ ಅಂಗೈ ಲೆನ್ಸಿನ ಕೆಳಗೆ ಕೊಟ್ಟು, ವ್ಯೂಫೈಂಡರನ್ನು ಹುಬ್ಬಿಗೆ ಆನಿಸಿದರೆ ಮೂರು ಕಡೆ ಆಧಾರ. ವ್ಯೂಫೈಂಡರನ್ನು ನಮ್ಮ ಕಣ್ಣಿನ ಪವರಿಗೆ ಹೊಂದಿಸುವ ಡಯಾಪ್ಟರ್ ಚಕ್ರವನ್ನು ಎದುರಿನ ದೃಶ್ಯ ನೋಡಿ ತಿರುಗಿಸಬೇಡಿ. ವ್ಯೂಫೈಂಡರಿನಲ್ಲಿ ಮೆನು ತೆರೆದು ಅಕ್ಷರಗಳು ಚೂಪಾಗುವವರೆಗೆ ತಿರುಗಿಸಿ. ದೃಶ್ಯ ಮಸುಕಾಗಿದ್ದರೆ ಅದು ಲೆನ್ಸಿನ ಫೋಕಸ್ ತಪ್ಪಿರಬಹುದು, ಮೆನುವಿನ ಅಕ್ಷರ ಮಸುಕಾದರೆ ತಪ್ಪು ಡಯಾಪ್ಟರಿನದೇ.

ಬ್ಯಾಟರಿಯ ವಿಷಯ ಚಿಕ್ಕದು: ಡಿ750ಕ್ಕೆ ಒಂದು ಚಾರ್ಜಿನಲ್ಲಿ 1230 ಚಿತ್ರ ಎಂಬ ಲೆಕ್ಕ, ಇ-ಎಂ10ಕ್ಕೆ 330. ಅದಕ್ಕೇ ಆ ಎರಡು ಬಿಡಿ ಬ್ಯಾಟರಿ.

ಮಳೆ ಮಾತ್ರ ಚಿಕ್ಕದಲ್ಲ. 12-45 ಲೆನ್ಸಿಗೆ ನೀರು ತಡೆಯುವ ಸೀಲ್ ಇದೆ, ಈ ಬಾಡಿಗೆ ಇಲ್ಲ. ಹೋಟೆಲಿನಲ್ಲಿ ಕೊಡುವ ಶವರ್ ಕ್ಯಾಪ್ ಎರಡು ಚೀಲದಲ್ಲಿರಲಿ, ತೂಕ ಶೂನ್ಯ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಪ್ರಾಣ ಉಳಿಸುತ್ತದೆ. ಏಸಿ ಲೋಕಲ್ಲಿನಿಂದ ಪ್ಲಾಟ್‌ಫಾರ್ಮಿಗೆ ಇಳಿದ ತಕ್ಷಣ ಕ್ಯಾಮೆರಾ ಹೊರತೆಗೆದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ಜಿಪ್ ಕವರಿನಲ್ಲೇ ಇಟ್ಟು 20-30 ನಿಮಿಷ ಕಾಯಬೇಕು. ಮನೆಯಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ನಿಂತರೆ ಫಂಗಸ್ಸಿನ ಚಿಂತೆಯಿಲ್ಲ.

ಈಗ ಹೊರುವ ಬಗೆ. ಕ್ಯಾಮೆರಾದ ಜೊತೆ ಬರುವ ಪಟ್ಟಿಯನ್ನು ಕುತ್ತಿಗೆಗೆ ಹಾಕಿ ಎದೆಯ ಮೇಲೆ ನೇತುಬಿಟ್ಟರೆ ಒಂದು ಕೆಜಿಯೂ ಹೆಚ್ಚೇ. ಅಡ್ಡಹೆಗಲಿಗೆ ಹಾಕುವ, ಎರಡು ಬೆರಳಗಲದ ಸ್ಲಿಂಗ್ ಪಟ್ಟಿ ಬಳಸಿ. ರೈಲಿನಲ್ಲಿ ಕ್ಯಾಮೆರಾವನ್ನು ಮುಂದಕ್ಕೆ ಎಳೆದುಕೊಳ್ಳಿ. ಟ್ರೈಪಾಡ್ ತೂತಿಗೆ ಸ್ಕ್ರೂ ಆಗುವ ಪಟ್ಟಿಗಳು ನಡಿಗೆಯ ಅಲುಗಾಟಕ್ಕೆ ಸಡಿಲಾಗುತ್ತವೆ, ದಿನಕ್ಕೆರಡು ಸಲ ಬೆರಳಿನಲ್ಲಿ ಬಿಗಿ ಮಾಡಿ, ಪಟ್ಟಿಯ ಕೊಂಡಿಗೊಂದು ಭದ್ರತೆಯ ದಾರವೂ ಇರಲಿ. ಬೆನ್ನಚೀಲದ ಸೊಂಟಪಟ್ಟಿ ಅಗಲವಾಗಿ ಮೆತ್ತೆ ಇದ್ದರಷ್ಟೇ ಭಾರ ಸೊಂಟಕ್ಕೆ ಇಳಿಯುತ್ತದೆ. ಲಾಡಿಯಂಥ ತೆಳು ಪಟ್ಟಿ ಚೀಲ ಅಲುಗದಂತೆ ಹಿಡಿಯುತ್ತದೆ ಅಷ್ಟೇ, ಭಾರ ಹೊರುವುದಿಲ್ಲ.

ಎಲಿಫೆಂಟಾಕ್ಕೆ ಈ ಸೆಟ್ಟು ಹೇಳಿಮಾಡಿಸಿದ್ದು. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಆಮೇಲೆ 120ರಷ್ಟು ಮೆಟ್ಟಿಲು. ಸೋಮವಾರ ಗುಹೆ ಮುಚ್ಚಿರುತ್ತದೆ. ಅನುಮತಿ ಇಲ್ಲದೆ ಟ್ರೈಪಾಡ್ ಬಿಡುವುದಿಲ್ಲ, ಹಾಗಾಗಿ ಆ 1700 ಗ್ರಾಂ ಹೊತ್ತು ಹತ್ತಿದವರಿಗೆ ಅದು ಬರೀ ದಂಡ. ಮುಖ್ಯ ಗುಹೆಯ ಬಾಯಿ ಉತ್ತರಕ್ಕೆ, ಮೂರು ಮುಖದ ಸದಾಶಿವ ದಕ್ಷಿಣದ ಹಿಂಗೋಡೆಯಲ್ಲಿ, ಕತ್ತಲಲ್ಲಿ. 12 ಮಿಮೀ, ಎಫ್/4, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿದಷ್ಟೂ ಚಿತ್ರ ಮರಳುಮರಳು) 1600, 1/10 ಸೆಕೆಂಡು: ಉಸಿರು ಅರ್ಧ ಬಿಟ್ಟು ಮೂರು ಫ್ರೇಮ್. ಕಲ್ಲು ಅಲುಗುವುದಿಲ್ಲ, ಸ್ಟೆಬಿಲೈಸೇಶನ್ ತನ್ನ ಕೆಲಸ ಮಾಡುತ್ತದೆ. ಮುಂದೆ ನಿಂತ ಪ್ರವಾಸಿಗರು ಮಸುಕಾಗುತ್ತಾರೆ, ಕೆಲವು ಸಲ ಅದೇ ಲಾಭ. ಮೆಟ್ಟಿಲಿಗೆ ಮಾನೋಪಾಡನ್ನೇ ಊರುಗೋಲು ಮಾಡಿಕೊಳ್ಳಬೇಡಿ. ತಿರುಚಿ ಬಿಗಿಯುವ ಅದರ ಲಾಕು ಮೈಭಾರ ಬಿದ್ದಾಗ ಜಾರಬಹುದು. ಹಿಡಿಯ ತುದಿಯಲ್ಲಿ ಕಾಲಿಂಚಿನ ಸ್ಕ್ರೂ ಇರುವ ಟ್ರೆಕ್ಕಿಂಗ್ ಕೋಲು ಸಿಗುತ್ತದೆ, ಎರಡೂ ಕೆಲಸಕ್ಕೆ ಅದು ಸಾಕು.

ಶಿವಡಿಯ ಕೆಸರಿನಲ್ಲಿ ಫ್ಲೆಮಿಂಗೊ ತೆಗೆಯುವ ದಿನ ಮಾತ್ರ 75-300 ಲೆನ್ಸು ಚೀಲಕ್ಕೆ ಸೇರುತ್ತದೆ. ತೂಕ 423 ಗ್ರಾಂ, ನೋಟ 600 ಮಿಮೀವರೆಗೆ. ನಿಕಾನಿನ 200-500 ಲೆನ್ಸು 2300 ಗ್ರಾಂ. ಇಲ್ಲಿ ತೂಕ ಉಳಿಸಿದ್ದಕ್ಕೆ ಬೆಲೆ ತೆರಲೇಬೇಕು. ತುದಿಯಲ್ಲಿ ಅಪರ್ಚರ್ ಎಫ್/6.7, ಮತ್ತು ಈ ಬಾಡಿಯ ಆಟೋಫೋಕಸ್ ಕಾಂಟ್ರಾಸ್ಟ್ ನೋಡಿ ಮುಂದೆ ಹಿಂದೆ ತಡಕಾಡುವ ಜಾತಿಯದು, ಎತ್ತ, ಎಷ್ಟು ಸರಿಯಬೇಕೆಂದು ಒಮ್ಮೆಗೇ ಅಳೆಯುವ ಫೇಸ್ (phase) ಡಿಟೆಕ್ಷನ್ ಇಲ್ಲ. ಕೆಸರಿನಲ್ಲಿ ನಿಂತು ಮೇಯುವ ಹಕ್ಕಿ ಚೆನ್ನಾಗಿ ಬರುತ್ತದೆ, ಹಾರುವ ಸಾಲು ಹತ್ತಕ್ಕೆ ಒಂದೆರಡು ಬಂದರೆ ಪುಣ್ಯ. ಹಾರುವ ಹಕ್ಕಿಯೇ ಬೇಕೆನ್ನುವವರು ಭಾರ ಹೊರಲಿ, ಬೇರೆ ಉಪಾಯ ಕಾಣೆ. ಸಮುದ್ರದ ಭರತದ (ಉಬ್ಬರದ) ವೇಳಾಪಟ್ಟಿ ನೋಡಿ, ನೀರು ಏರುತ್ತಾ ಹಕ್ಕಿಗಳನ್ನು ದಡದ ಕಡೆ ತಳ್ಳುವ ಹೊತ್ತಿಗೆ ಹೋದರೆ 600 ಮಿಮೀ ಧಾರಾಳ. ಬಿಸಿಲೇರಿ ಕೆಸರಿನ ಮೇಲೆ ಗಾಳಿ ನಡುಗಲು ಶುರುವಾದರೆ ಯಾವ ಲೆನ್ಸೂ ಉಪಯೋಗವಿಲ್ಲ.

ಯಕ್ಷಗಾನಕ್ಕೆ 12-45 ಸೋಲುತ್ತದೆ. ವೇಷ ಗಿರಕಿ ಹೊಡೆಯುವಾಗ 1/250 ಬೇಕು, ಸ್ಟೆಬಿಲೈಸೇಶನ್ ನಮ್ಮ ಕೈಯನ್ನು ನಿಲ್ಲಿಸುತ್ತದೆಯೇ ಹೊರತು ವೇಷಧಾರಿಯ ಕಾಲನ್ನಲ್ಲ. ಸಭಾಂಗಣದ ದೀಪದಲ್ಲಿ ಎಫ್/4 ಇಟ್ಟರೆ ಐಎಸ್‌ಒ 6400 ದಾಟಿ ಮುಖವರ್ಣಿಕೆಯ ಬಣ್ಣಗಳೆಲ್ಲ ಮರಳುಮರಳು. 116 ಗ್ರಾಮಿನ 45 ಎಫ್/1.8 ಇರುವುದು ಇದಕ್ಕೇ. ಎರಡು ಸ್ಟಾಪಿಗಿಂತ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ಹೆಚ್ಚು ಬೆಳಕು ಕೊಟ್ಟು ಐಎಸ್‌ಒವನ್ನು 1600ರ ಹತ್ತಿರ ತಂದು ನಿಲ್ಲಿಸುತ್ತದೆ. ಜೂಮ್ ಇಲ್ಲ, ಮೂರನೇ ಸಾಲಿನ ಅಂಚಿನ ಕುರ್ಚಿ ಹಿಡಿಯಬೇಕು. ಅದಕ್ಕೆ ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿಗೇ ಹೋಗಿ ಕೂತಿರಬೇಕು.

ಪ್ರಿಂಟಿನ ಅನುಮಾನ ಇರುವವರಿಗೆ: 16 ಮೆಗಾಪಿಕ್ಸೆಲ್ಲಿನ ಚಿತ್ರ 4608 ಗುಣಿಲೆ 3456. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 15 ಇಂಚಿಗೆ 11 ಇಂಚು ನೇರವಾಗಿ ಬರುತ್ತದೆ. ಹಿನ್ನೆಲೆ ಬೆಣ್ಣೆಯಂತೆ ಕರಗುವ ಭಾವಚಿತ್ರ ಮಾತ್ರ ಎಫ್/4ರಲ್ಲಿ ಸಿಗದು, ಇಲ್ಲಿನ ಎಫ್/4 ಫುಲ್ ಫ್ರೇಮಿನ ಎಫ್/8ರಷ್ಟು ಆಳದವರೆಗೆ ಚೂಪಾಗಿ ತೋರಿಸುತ್ತದೆ. ಹಳೆಯ 70-200 ಅದಕ್ಕೇ ಇನ್ನೂ ಡಬ್ಬಿಯಲ್ಲಿದೆ, ಕಾರು ಬಾಗಿಲವರೆಗೆ ಬರುವ ಮದುವೆ ಮನೆಗಳಿಗೆ.